ತಿಗರಿ ನಿಲ್ಲುವವರೆಗೆ

ಅಪ್ಪಾ,

ಹೊಸಮನೆಯಿಂದ ನಿಮ್ಮ ಶರಾವತಿಯ ನಮಸ್ಕಾರ. ಇದನ್ನು ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಿಮಗೆ ಕಿವಿ ಮಂದ ಅಂತ ತಮ್ಮ ವಿಷ್ಣು ಸ್ಪೀಕರ್ ಹಾಕಿಯೇ ಫೋನ್ ಕೊಡುತ್ತಾನೆ. ನಿಮಗೊಬ್ಬರಿಗೆ ಹೇಳಿದ್ದು ಹೊಳೆಹೊನ್ನೂರಿನ ಅರ್ಧ ಬೀದಿಗೆ ಕೇಳಿಸುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ಕನ್ನಡಕ ಹಾಕಿಕೊಂಡು ಒಬ್ಬರೇ ಕೂತು ಓದಿ. ನನಗೆ ತುಂಬ ಹೆದರಿಕೆಯಾಗಿದೆ ಅಪ್ಪ.

ಇದು ಶುರುವಾದದ್ದು ಬೇಸಿಗೆಯಲ್ಲಿ. ಸಂಜೆ ಟಿವಿ ನೋಡುತ್ತಾ ಕೂತಿದ್ದೆ. ಪಕ್ಕದಲ್ಲಿದ್ದ ಇಂಪನಾ, "ಅಮ್ಮಾ, ನಿನ್ನ ಬಳೆ ಯಾಕೆ ಸದ್ದು ಮಾಡ್ತಿದೆ?" ಅಂದಳು. ನೋಡಿದರೆ ತೊಡೆಯ ಮೇಲಿಟ್ಟ ನನ್ನ ಬಲಗೈ ತನ್ನಷ್ಟಕ್ಕೆ ಅಲುಗುತ್ತಿತ್ತು. ಎಡಗೈಯಿಂದ ಅದನ್ನು ಒತ್ತಿ ಹಿಡಿದು, "ಏನಿಲ್ಲ ಕಣೇ, ಸುಸ್ತು" ಅಂದೆ. ಅಂದ ಮೇಲೆ ಹೊಳೆಯಿತು. ಅದು ನಿಮ್ಮ ಮಾತು. ನಿಮ್ಮ ಬಲಗೈ ನಡುಗುವುದು ನಮ್ಮ ಕಣ್ಣಿಗೆ ಬಿದ್ದು ಕೆಲವು ವರ್ಷಗಳಾದವು. ಕೇಳಿದಾಗಲೆಲ್ಲ ಸುಸ್ತು ಅನ್ನುತ್ತೀರಿ, ಕೈಯನ್ನು ಶಲ್ಯದೊಳಗೆ ಸೇರಿಸುತ್ತೀರಿ, ಡಾಕ್ಟರ ಹೆಸರೆತ್ತಿದರೆ ಎದ್ದು ಹೋಗುತ್ತೀರಿ. ಈಚೆಗೆ ಕಾಲಿಗೆ ಬಿದ್ದರೂ ಬಾಯಲ್ಲೇ ಆಶೀರ್ವಾದ ಮಾಡುತ್ತೀರಿ, ತಲೆಯ ಮೇಲೆ ಕೈ ಇಡುವುದಿಲ್ಲ.

ನನ್ನ ಕೆಲಸ ನಿಮಗೆ ಗೊತ್ತಲ್ಲ. ದುರ್ಗಿಗುಡಿಯ ಲ್ಯಾಬಿನಲ್ಲಿ ದಿನವಿಡೀ ಜನರ ರಕ್ತ ತೆಗೆಯುವುದು. "ನೀವಾದ್ರೆ ನೋವಾಗಲ್ಲ ಮೇಡಂ" ಅಂತ ನನ್ನನ್ನೇ ಹುಡುಕಿಕೊಂಡು ಬರುವವರಿದ್ದಾರೆ. ಮರುದಿನ ಸೂಜಿ ಹಿಡಿದಾಗ ಕೈ ಕಲ್ಲಿನಂತೆ ನಿಂತಿತ್ತು. ಆದರೂ ಮನಸ್ಸಿಗೆ ಸಮಾಧಾನವಿಲ್ಲ. ಸೂಜಿಯದು ಕ್ಷಣದ ಕೆಲಸ, ನಾಳೆ ಯಾವುದೋ ಮಗುವಿನ ತೋಳಿನಲ್ಲಿ ಸೂಜಿಯಿರುವಾಗ ಇದು ಅಲುಗಿದರೆ? ಲ್ಯಾಬಿನವಳಿಗೆ ಈ ನಡುಕದ ಕಾಯಿಲೆಯ ಹೆಸರು ಗೊತ್ತಿಲ್ಲದೆ ಇಲ್ಲ, ಬರೆಯಲು ಧೈರ್ಯವಿಲ್ಲ. ಡಾಕ್ಟರ ಹತ್ತಿರ ಹೋಗುವ ಬದಲು ನನ್ನ ಕೈಯನ್ನು ನಾನೇ ಪರೀಕ್ಷೆ ಮಾಡುತ್ತೇನೆಂದು ಹೊರಟೆ. ಭದ್ರಾವತಿಯಲ್ಲಿ ಮಡಕೆ ಮಾಡಲು ಕಲಿಯುತ್ತಿದ್ದೇನೆ ಅಂದಾಗ ನೀವು ನಕ್ಕಿರಿ. "ನಮ್ಮ ಮನೇಲಿ ಯಾರಿಗೂ ಇಲ್ಲದ ಹುಚ್ಚು ನಿಂಗೆ ಎಲ್ಲಿಂದ ಬಂತೇ ಮಾರಾಯ್ತಿ?" ಅಂದಿರಿ. ಆ ಹುಚ್ಚಿನ ಮೂಲ ಇದು, ಚಕ್ರದ ಮುಂದೆ ಕೈ ತುಂಬ ಹೊತ್ತು ಅಲುಗದೆ ನಿಲ್ಲಬೇಕಲ್ಲ.

ಹೇಳಿಕೊಡುವವರು ಜಟ್ಟಪ್ಪ ಅಂತ, ಹಳೇ ಕುಂಬಾರರು. ಚಕ್ರಕ್ಕೆ ಅವರು ತಿಗರಿ ಅನ್ನುತ್ತಾರೆ. ಅವರದು ಕರೆಂಟಿನದಲ್ಲ, ಕೋಲು ಸಿಕ್ಕಿಸಿ ಬೀಸಿ ತಿರುಗಿಸುವ ತಿಗರಿ. ಭಾನುವಾರ ಬಸ್ಸು ಹತ್ತಿ ಹೋಗಿ ಅದರ ಮುಂದೆ ಕುಕ್ಕರಗಾಲಲ್ಲಿ ಕೂರುತ್ತಿದ್ದೆ. ಅವರು ಬೀಸಿ ಕೊಡುತ್ತಿದ್ದರು, ನಾನು ಮಣ್ಣಿನ ಮುದ್ದೆಯನ್ನು ಎರಡೂ ಕೈಯಲ್ಲಿ ಹಿಡಿಯುತ್ತಿದ್ದೆ. ಮುದ್ದೆ ಗಡಗಡ ಅದುರುತ್ತಿತ್ತು, ಅದರ ಜೊತೆ ನನ್ನ ಕೈ, ಭುಜ, ಹಲ್ಲು ಎಲ್ಲವೂ. "ಮಣ್ಣಿಗೇನ್ ಇಂಜೆಕ್ಷನ್ ಚುಚ್ತೀರಾ ತಾಯಿ? ಅಷ್ಟು ನಾಜೂಕಾಗಿ ಹಿಡಿದ್ರೆ ಅದು ನಿಮ್ ಮಾತ್ ಕೇಳಲ್ಲ, ಮೊಣಕೈ ತೊಡೆಗೆ ಕೊಡಿ" ಅನ್ನುತ್ತಿದ್ದರು. ಮುದ್ದೆ ನಡುಮಧ್ಯಕ್ಕೆ ಬರುವ ತನಕ ಎಲ್ಲರಿಗೂ ಹೀಗೇ ಅಂತೆ. ನನಗೆ ಅದನ್ನು ನಂಬಲು ಆಗುತ್ತಿರಲಿಲ್ಲ. ಮಣ್ಣು ನನ್ನ ಕೈಯನ್ನು ನಡುಗಿಸುತ್ತಿದೆಯೋ, ನನ್ನ ಕೈ ಮಣ್ಣನ್ನು ನಡುಗಿಸುತ್ತಿದೆಯೋ? ವಾಪಸ್ ಬರುವಾಗ ಬಸ್ಸಿನಲ್ಲಿ ಕಂಬಿಯನ್ನು ಗಟ್ಟಿಯಾಗಿ ಹಿಡಿದುಕೊಂಡು ಅದನ್ನೇ ಯೋಚಿಸುತ್ತಿದ್ದೆ.

ಮೊನ್ನೆ ಭಾನುವಾರ ಮುದ್ದೆ ನಡುವಿಗೆ ಬಂತು. ಹೇಗೆ ಬಂತೋ ಗೊತ್ತಿಲ್ಲ. ಅದುರಾಟವೆಲ್ಲ ಇದ್ದಕ್ಕಿದ್ದಂತೆ ಅಡಗಿತು, ಮಣ್ಣು ತಿರುಗುತ್ತಿದೆಯೋ ಇಲ್ಲವೋ ಅನ್ನುವಷ್ಟು ನಿಶ್ಚಲವಾಯಿತು. ನನ್ನ ಬಲಗೈಯೂ ಹಾಗೇ ನಿಂತಿತ್ತು. ಹೆಬ್ಬೆರಳು ಇಳಿಸಿದೆ, ಬಾಯಿ ತೆರೆಯಿತು, ಗೋಡೆ ಎದ್ದಿತು. ಸಣ್ಣದೊಂದು ಕುಡಿಕೆ. ಅಂಚಿನಲ್ಲಿ ಒಂದು ಗೀರಿಲ್ಲ, ಒಂದು ಅಲೆಯಿಲ್ಲ. ನನಗೇನೂ ಆಗಿಲ್ಲ ಅಂತ ಕಣ್ಣಲ್ಲಿ ನೀರು ಬಂತು. "ಕುಡಿಕೆಗೆ ಯಾರಾದ್ರೂ ಅಳ್ತಾರಾ" ಅಂತ ಜಟ್ಟಪ್ಪ ನಕ್ಕರು.

ಅವರಲ್ಲಿ ಒಂದು ಪದ್ಧತಿಯಿದೆ. ತಿರುಗುವ ತಿಗರಿಯನ್ನು ಕೈ ಹಾಕಿ ನಿಲ್ಲಿಸುವುದಿಲ್ಲ. "ಅದು ದುಡಿದೈತೆ, ತಾನೇ ನಿಲ್ಲಲಿ. ನೀವೂ ಕೈ ಬಿಟ್ಟು ಸುಮ್ನೆ ಕೂತ್ಕಳಿ" ಅಂದರು. ಪಕ್ಕದ ಮಣೆಯ ಮೇಲೆ ಕೂತೆ. ಕೆಸರು ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ನನ್ನ ಕುಡಿಕೆ ನಿಧಾನವಾಗುವುದನ್ನು ನೋಡುತ್ತಿದ್ದೆ. ಆಗ ಬಲಗೈ ಶುರುಮಾಡಿತು, ಮೊದಲು ಹೆಬ್ಬೆರಳು, ಆಮೇಲೆ ಮಣಿಕಟ್ಟು. ಕೆಲಸ ಮಾಡುವಾಗ ಅಲ್ಲ ಅಪ್ಪ, ಕೆಲಸ ಬಿಟ್ಟಾಗ. ಇಷ್ಟು ದಿನ ನಾನು ಪರೀಕ್ಷೆ ಮಾಡಿದ್ದೇ ತಪ್ಪು ಜಾಗದಲ್ಲಿ. ಜಟ್ಟಪ್ಪ ನೋಡಿಬಿಟ್ಟರೆ ಅಂತ ಗಾಬರಿಯಾಗಿ, ಕೈಗೆ ಸಿಕ್ಕಿದ ಮಣ್ಣಿನ ಚೂರೊಂದನ್ನು ಎತ್ತಿಕೊಂಡು ಬೆರಳುಗಳ ನಡುವೆ ಹೊಸೆಯತೊಡಗಿದೆ. ಕೈ ತಕ್ಷಣ ನಿಂತಿತು.

ಹೊಸೆಯುತ್ತಾ ಹೊಸೆಯುತ್ತಾ ನೋಡಿದೆ. ಸಣ್ಣಗೆ, ಉದ್ದಕ್ಕೆ, ತುದಿ ಚೂಪಾಗಿ ಒಂದು ಬತ್ತಿ ಆಗಿತ್ತು.

ಅಪ್ಪ, ನಾನಿನ್ನೂ ಕಾಲೇಜಿನಲ್ಲಿದ್ದಾಗಲೇ ನೀವು ದೀಪದ ಬತ್ತಿ ಹೊಸೆಯಲು ಶುರುಮಾಡಿದ್ದಿರಿ. ಮಾತಾಡುವಾಗ, ಜಗಲಿಯಲ್ಲಿ ಕೂತಾಗ, ಮದುವೆಮನೆಯಲ್ಲಿ ಊಟಕ್ಕೆ ಎಲೆ ಹಾಕುವ ತನಕ, ಕೈಯಲ್ಲಿ ಹತ್ತಿ ಇರಲೇಬೇಕು. "ಡಬ್ಬ ತುಂಬಿ ಚೆಲ್ತಿದೆ, ಇನ್ನೂ ಹೊಸೀತಾರೆ. ಊರಿಗೆಲ್ಲ ಇವ್ರೇ ದೀಪ ಹಚ್ಚಬೇಕೇನೋ" ಅಂತ ಅಮ್ಮ ಗೊಣಗುತ್ತಿದ್ದಳು. ಅಪ್ಪ ಸುಮ್ಮನೆ ಕೂರುವವರಲ್ಲ ಅಂತ ನಾವು ಜಂಬದಿಂದ ಹೇಳಿಕೊಂಡು ತಿರುಗಿದೆವು. ನಿಮಗೆ ಸುಮ್ಮನೆ ಕೂರಲು ಭಯವಿತ್ತು ಅಂತ ನಮಗೆ ಹೇಗೆ ತಿಳಿಯಬೇಕು? ಅಮ್ಮನಿಗೂ ಹೇಳದೆ ಅಷ್ಟು ವರ್ಷ ಒಬ್ಬರೇ ಹೇಗೆ ಹೆದರಿದಿರಿ ಅಪ್ಪ? ನನಗೆ ಒಂದು ಬೇಸಿಗೆಗೇ ಸಾಕಾಗಿಹೋಗಿದೆ.

ದುರ್ಗಿಗುಡಿಯಲ್ಲಿ ನರಗಳ ಡಾಕ್ಟರೊಬ್ಬರಿದ್ದಾರೆ. ಬರುವ ಸೋಮವಾರಕ್ಕೆ ಹೆಸರು ಬರೆಸಿದ್ದೇನೆ, ನನ್ನದೂ ನಿಮ್ಮದೂ. ಅದೇ ಕಾಯಿಲೆ ಇರಬಹುದು, ಅಲ್ಲದೆಯೂ ಇರಬಹುದು. ಒಬ್ಬಳೇ ಹೋಗಿ ಅವರ ಬಾಯಿಂದ ಕೇಳುವ ಧೈರ್ಯ ನನಗಿಲ್ಲ. ಕೋಪ ಮಾಡಿಕೊಳ್ಳಿ, ಬೇಕಾದರೆ ದಾರಿಯುದ್ದಕ್ಕೂ ಬೈಯಿರಿ, ಆದರೆ ಎದ್ದು ಹೋಗಬೇಡಿ. ನಿಮ್ಮ ಸಲುವಾಗಿ ಬರದಿದ್ದರೆ ನನ್ನ ಸಲುವಾಗಿ ಬನ್ನಿ.

ಬಸ್‌ಸ್ಟ್ಯಾಂಡಿನಲ್ಲಿ ಕಾಯುತ್ತಿರುತ್ತೇನೆ. ಅಲ್ಲೇ, ಅಷ್ಟು ಜನರ ನಡುವೆ, ನಿಮ್ಮ ಕಾಲಿಗೆ ಬೀಳುತ್ತೇನೆ. ಈ ಸಲ ಬಾಯಿಮಾತಿನ ಆಶೀರ್ವಾದ ಬೇಡ. ಶಲ್ಯದಿಂದ ಬಲಗೈ ಹೊರಗೆ ತೆಗೆದು ನನ್ನ ತಲೆಯ ಮೇಲೆ ಇಡಿ. ಅದು ನಡುಗಿದರೆ ನಡುಗಲಿ.

ನಿಮ್ಮ ಕೈಯನ್ನೇ ಪಡೆದು ಹುಟ್ಟಿದ ಮಗಳು,
ಶರಾವತಿ