ಬಲತುದಿಯ ಕಂಬ

ಮಾರ್ಚ್ ೪, ಮಂಗಳವಾರ
ಮತ್ತೆ ಟ್ರ್ಯಾಕ್ಟರ್. ಪಕ್ಕದ ಹೊಲದವನು ಉಳತೊಡಗಿದರೆ ಗುರುತ್ವದ ಅಲೆ ಹಿಡಿಯುವ ನಮ್ಮ ಮೂರು ಕಿಲೋಮೀಟರ್ ಕೊಳವೆಗೂ ನಡುಕ. ಬೆಳಗಿನ ದತ್ತಾಂಶ ಅರ್ಧ ಕಸಕ್ಕೆ.

ಎಲ್ಲರೂ ಒಟ್ಟಿಗೆ ಫಲಿತಾಂಶ ನೋಡುವ ದಿನ, ನಮ್ಮ ಮಾತಲ್ಲಿ ‘ಪೆಟ್ಟಿಗೆ ತೆರೆಯುವುದು’, ಮುಂದಿನ ಗುರುವಾರ. ಅಲ್ಲಿಯವರೆಗೆ ನಿಜದ ದತ್ತಾಂಶ ನೋಡುವಂತಿಲ್ಲ. ನಮ್ಮ ಕಾಶಿನಾ ಊರಿನ ಯಂತ್ರದ್ದನ್ನೂ ಅಮೆರಿಕದ ಯಂತ್ರದ್ದನ್ನೂ ಬೇಕೆಂದೇ ತಪ್ಪು ಹೊತ್ತಿಗೆ ಜೋಡಿಸಿ, ಆ ಕಲಬೆರಕೆಯ ಮೇಲೇ ಅಭ್ಯಾಸ. ಆಸೆ ಕಣ್ಣಿಗೆ ಮೋಸ ಮಾಡಬಾರದಲ್ಲ.

ಆಸ್ಪತ್ರೆಯಿಂದ ಉಬಾಲ್ಡೋ ಫೋನ್. ನನ್ನ ಗುರು. ವಿಶ್ವ ಹುಟ್ಟಿದಾಗ ಉಳಿದಿರಬಹುದಾದ ತಂತುಗಳು, ಅವು ಚಾಟಿಯಂತೆ ಬೀಸಿದಾಗ ಏಳುವ ಗುರುತ್ವದ ಅಲೆ — ಪ್ರಾಯದಿಂದ ಅದೊಂದನ್ನೇ ಹುಡುಕಿದವರು. ಸೋಮವಾರ ಹೃದಯದ ಆಪರೇಷನ್.
"ಪೆಟ್ಟಿಗೆ ಗುರುವಾರಾನಾ? ನನ್ನನ್ನ ತೆರೆಯೋದು ಸೋಮವಾರ. ನನ್ನ ಸರದೀನೇ ಮೊದಲು ಬಿಡು."
ನನಗೆ ನಗು ಬರಲಿಲ್ಲ.

ಮಾರ್ಚ್ ೭, ಶುಕ್ರವಾರ, ಬೆಳಿಗ್ಗೆ ೧೧
ಎಂಥ ಕೆಲಸ ಮಾಡಿಬಿಟ್ಟೆ. ಸಮಯದ ಅಂತರ ತುಂಬುವ ಕಡೆ ಸೊನ್ನೆ ಹಾಗೇ ಉಳಿದಿತ್ತು. ಕಲಬೆರಕೆ ಎಂದುಕೊಂಡು ಓಡಿಸಿದ್ದು ನಿಜದ ದತ್ತಾಂಶ. ಗ್ರಾಫ್ ತೆರೆದುಕೊಂಡಿತು. ಬಲತುದಿಯಲ್ಲಿ, ಉಳಿದ ಗದ್ದಲದಿಂದ ದೂರ, ಒಂಟಿ ಕಂಬ — ಎರಡೂ ಕಡೆ ಒಟ್ಟಿಗೆ ಬಂದ ಬಲವಾದ ಸಂಕೇತ. ತಂತುವಿನದೇ ಆಕಾರ.

ಗುಂಪಿಗೆ ಬರೆದೆ — ನೋಡಿಬಿಟ್ಟಿದ್ದೇನೆ, ಏನೆಂದು ಹೇಳುವುದಿಲ್ಲ. ಗುರುವಾರದವರೆಗೆ ನಾನು ಏನನ್ನೂ ಮುಟ್ಟಬಾರದಂತೆ. ಸರಿಯೇ.

ಸಂಜೆ
ಆಸ್ಪತ್ರೆಗೆ ಹೋಗಿದ್ದೆ. ಉಬಾಲ್ಡೋ ಹೆಂಡತಿ ಒರ್ನೆಲ್ಲಾ ಕಡಲೆಹಿಟ್ಟಿನ ಚೆಚೀನಾ ರೊಟ್ಟಿ ತಿನ್ನುತ್ತಿದ್ದರು. ಉಬಾಲ್ಡೋಗೆ ವಾಸನೆ ಮಾತ್ರ.
"ಯಾಕೆ ಲವೀನಿಯಾ, ಹಾಲು ಕದ್ದ ಬೆಕ್ಕಿನ ಥರ ಇದ್ದೀಯ?"
ನಾಲಿಗೆ ತುದಿಗೆ ಬಂದಿತ್ತು. ಸೋಮವಾರ ಏನಾದರೂ ಆಗಿಬಿಟ್ಟರೆ? ಗೊತ್ತಾಗದೆಯೇ ಹೋಗುವುದಾ ಇವರು?
"ಅಂತರ ಸೊನ್ನೆ ಬಿಟ್ಟು ಓಡಿಸಿಬಿಟ್ಟೆ," ಎಂದೆ. "ಅದ್ರಲ್ಲಿ..."
ತಟ್ಟನೆ ಎರಡೂ ಕಿವಿ ಮುಚ್ಚಿಕೊಂಡರು.
"ಹೇಳ್ಬೇಡ. ಎಲ್ಲರ ಜೊತೆ ತಿಳ್ಕೋತೀನಿ."
"ಮದುವೆ ಆದಾಗಿಂದ ನನ್ನ ಮಾತಿಗೂ ಹಿಂಗೇನೇ," ಎಂದರು ಒರ್ನೆಲ್ಲಾ.

ಮಾರ್ಚ್ ೧೦, ಸೋಮವಾರ
ಇನ್ನೂ ಒಳಗೇ ಇದ್ದಾರೆ. ಒರ್ನೆಲ್ಲಾ ನನ್ನ ಕೈ ಬಿಡುತ್ತಿಲ್ಲ. ಹೇಳಿಬಿಡಬೇಕಿತ್ತು...

ಮಾರ್ಚ್ ೧೩, ಗುರುವಾರ
ಪೆಟ್ಟಿಗೆ ತೆರೆದೆವು. ಕಂಬ ಕಂಡದ್ದೇ ಎಲ್ಲರೂ ಎದ್ದು ನಿಂತರು. ಮಧ್ಯಾಹ್ನದೊಳಗೆ ಆ ಸಂಭ್ರಮ ಮುಗಿಯಿತು. ಅದೇ ಕ್ಷಣ ನಮ್ಮ ಲೇಸರ್ ಕೋಣೆಯ ಉಪಕರಣವೂ ಮಿಡುಕಿತ್ತು; ನಮ್ಮಲ್ಲಿ ಕಂಡದ್ದು ಅದರ ನಡುಕವೇ. ಅಮೆರಿಕದಲ್ಲಿ ಕಂಡದ್ದು ಬೇರೊಂದು ಗದ್ದಲ, ಬರೀ ಕಾಕತಾಳೀಯ. ತಂತು ಸಿಗಲಿಲ್ಲ.

ಉಬಾಲ್ಡೋಗೆ ಎಚ್ಚರವಿದೆಯಂತೆ. ನೋಡಲು ಯಾರನ್ನೂ ಒಳಗೆ ಬಿಡುತ್ತಿಲ್ಲ.

ಮಾರ್ಚ್ ೧೬, ಭಾನುವಾರ
ಇವತ್ತು ನನ್ನನ್ನು ಒಳಗೆ ಬಿಟ್ಟರು. ಬಡಕಲಾಗಿದ್ದಾರೆ. ಎಲ್ಲ ಹೇಳಿದೆ.
"ಅವತ್ತು ನಿನ್ನ ಮುಖ ನೋಡಿದಾಗಲೇ ಗೊತ್ತಾಯ್ತು, ಏನೋ ಕಂಡಿದೆ ಅಂತ. ಕಿವಿ ಮುಚ್ಕೊಂಡೆ, ಕಣ್ಣು ಮುಚ್ಕೊಳ್ಳೋದು ಮರ್ತೆ ನೋಡು. ಆ ಮುಖ ನೆನೆಸ್ಕೊಂಡೇ ಒಳಗೆ ಹೋದೆ. ಎದ್ದು ಬರ್ಬೇಕು ಅನ್ನಿಸ್ತು."
"ಸುಳ್ಳಾಯ್ತಲ್ಲ."
"ಎದ್ದು ಬಂದಿದ್ದೀನಲ್ಲ. ಮುಂದಿನ ಪೆಟ್ಟಿಗೆ ಯಾವಾಗ?"
ಎಷ್ಟು ಪ್ರೀತಿ ನನಗೆ ಈ ಮನುಷ್ಯನ ಮೇಲೆ. ಒಂದು ದಿನವೂ ಹೇಳಿದವಳಲ್ಲ. ಇವತ್ತಾದರೂ ಹೇಳೋಣವೆಂದು ಬಾಯಿ ತೆರೆದೆ. ಅವರು ನಗುತ್ತಾ ಎರಡೂ ಕಿವಿ —