ಕಳೆಯ ಪಕ್ಕದ ಖಾಲಿ ಜಾಗ

ಅಧಿಕ ಆಶ್ವಯುಜ, ಬಹುಳ ಹತ್ತೊಂಬತ್ತು
ಹುಲ್ಲು ಹಿಡಿದ ಇನ್ನೂರ ಹದಿಮೂರನೆಯ ವರ್ಷ
ನಿಮ್ಮದೇ ಮನೆಯ ಅಂಗಳ, ಮೈಸೂರು

ಶ್ರೀಮತಿ ಚೂಡಾಮಣಿಯವರಿಗೆ ಸುರಗಿ ಮಾಡುವ ನಮಸ್ಕಾರಗಳು.

ತಾರೀಖು ನೋಡಿ ಬೆಚ್ಚಬೇಡಿ. ಬಹುಳದಲ್ಲಿ ಹತ್ತೊಂಬತ್ತನೆಯ ದಿನ ಎಲ್ಲಿಂದ ಬಂತು ಎಂದು ನೀವು ಕೇಳುವುದು ಸಹಜ. ನಮ್ಮ ಆಕಾಶಕ್ಕೆ ಸದಾ ಮಬ್ಬು ಕವಿದಿರುತ್ತದೆ. ಹೊಸ ಚಂದ್ರ ಯಾರಾದರೊಬ್ಬರ ಕಣ್ಣಿಗೆ ಬೀಳುವವರೆಗೆ ಹಳೆಯ ಪಕ್ಷವನ್ನೇ ಎಣಿಸುತ್ತಾ ಹೋಗುತ್ತೇವೆ. ಒಮ್ಮೆ ಮೂವತ್ತೊಂದರವರೆಗೂ ಎಣಿಸಿದ್ದುಂಟು. ನನ್ನ ಮಾತುಗಳು ಕೂಡ ನಿಮಗೆ ವಿಚಿತ್ರವಾಗಿ ಕೇಳಿಸಬಹುದು, ಕ್ಷಮಿಸಿ. ನಿಮ್ಮ ಕಾಲದ ಕನ್ನಡವನ್ನು ನಾನು ಕಲಿತದ್ದು ಒಂದೇ ಒಂದು ಪುಸ್ತಕದಿಂದ. ಅದನ್ನು ಬರೆದವರು ನೀವು. ಆದ್ದರಿಂದ ನನ್ನ ಕನ್ನಡದಲ್ಲಿ ಗೊಬ್ಬರ, ಕತ್ತರಿ, ನೀರಿನ ಪೈಪುಗಳ ವಾಸನೆ ಹೊಡೆದರೆ ತಪ್ಪು ನನ್ನದಲ್ಲ.

ನಿಮ್ಮನ್ನು ಇಲ್ಲಿ ಪುಸ್ತಕದಮ್ಮ ಎನ್ನುತ್ತೇವೆ. ನೂರು ಪುಟದ ನೋಟ್‌ಬುಕ್ಕು, ರಟ್ಟಿನ ಮೇಲೆ ‘ಚೂಡಾಮಣಿ, ತೋಟದ ಪುಸ್ತಕ’ ಎಂದು ನೀಲಿ ಪೆನ್ನಿನ ಅಕ್ಷರ. ದಸರಾ ಮನೆತೋಟದ ಸ್ಪರ್ಧೆಯಲ್ಲಿ ಪ್ರತಿ ವರ್ಷ ಎದುರುಮನೆಯವರ ಹುಲ್ಲುಹಾಸಿಗೇ ಬಹುಮಾನ ಬಂತೆಂದು ನೀವು ಹೊಟ್ಟೆ ಉರಿದುಕೊಂಡು ಬರೆಯಲು ಶುರುಮಾಡಿದ್ದು ಎಂದು ಮೊದಲ ಪುಟದಲ್ಲೇ ಇದೆ. ದೊಡ್ಡ ಮಳೆಗಳು ಊರಿನ ಮಣ್ಣನ್ನೆಲ್ಲ ತೊಳೆದುಕೊಂಡು ಹೋದ ಮೇಲೆ, ಉಳಿದವರಿಗೆ ನಿಮ್ಮ ಮನೆಯ ಅಟ್ಟದಲ್ಲಿ ಒಂದು ತಗಡಿನ ಪೆಟ್ಟಿಗೆಯಲ್ಲಿ ಅದು ಸಿಕ್ಕಿತು. ಮಣ್ಣು ಹಿಡಿದಿಡಲೆಂದು ಆಗ ಒಂಟಿಹುಲ್ಲು ಹಾಸುತ್ತಿದ್ದರು. ಒಂಟಿಹುಲ್ಲು ಎಂದರೆ ತನ್ನ ಪಕ್ಕದಲ್ಲಿ ಇನ್ನೊಂದು ಬೀಜ ಮೊಳೆಯಲು ಬಿಡದ ಹುಲ್ಲು. ಅದು ಎಷ್ಟು ಹಾಸಿದರೂ ಹಿಡಿಯುತ್ತಿರಲಿಲ್ಲವಂತೆ. ಹೆದರಿದ ಜನ ನಿಮ್ಮ ಪುಸ್ತಕದ ಒಂದೊಂದು ಸಾಲನ್ನೂ ಬಿಡದೆ ಪಾಲಿಸಿದರು. ಹುಲ್ಲು ಹಿಡಿಯಿತು. ಅಂದಿನಿಂದ ಈ ಬೀದಿಯಲ್ಲಿ ನಿಮ್ಮ ಮಾತೆಂದರೆ ಮಾತು.

ಈಗ ಬೀದಿಯ ಆ ತುದಿಯಿಂದ ಈ ತುದಿಯವರೆಗೆ ಗೋಡೆಗೆ ಗೋಡೆ ತಾಗುವಂತೆ ಅದೊಂದೇ ಹುಲ್ಲು. ಮರವಿಲ್ಲ, ಬಳ್ಳಿಯಿಲ್ಲ, ಹೂವಿಲ್ಲ. ಊಟ ದೂರದ ಗಾಜಿನ ಮನೆಗಳಿಂದ ಹಿಟ್ಟಾಗಿಯೇ ಬರುತ್ತದೆ. ಹೆಣ್ಣುಮಕ್ಕಳಿಗೆ ಹೂವಿನ ಹೆಸರಿಡುತ್ತೇವೆ, ಆದರೆ ನಾನು ಯಾವ ಹೂವೆಂದು ನನಗೇ ಗೊತ್ತಿಲ್ಲ. ‘ಉದುರಿದ ಎಲೆ ಗುಡಿಸಿ ಗುಂಡಿಗೆ ಹಾಕಬೇಕು’ ಎಂದು ನೀವು ಬರೆದಿದ್ದೀರಿ. ಉದುರಲು ಎಲೆಯಿಲ್ಲದ್ದರಿಂದ ಹಳೆಯ ಬಟ್ಟೆಯನ್ನು ಎಲೆಯಾಕಾರಕ್ಕೆ ಕತ್ತರಿಸಿ, ಅಂಗಳದಲ್ಲಿ ಚೆಲ್ಲಿ, ನಾವೇ ಗುಡಿಸಿ ಗುಂಡಿಗೆ ಹಾಕುತ್ತೇವೆ. ‘ಗೇಟು ಹಾಕದಿದ್ದರೆ ನಾಯಿ ಬರುತ್ತೆ’ ಎಂದಿದ್ದೀರಿ. ನಾಯಿ ಎಂದರೆ ಏನೆಂದು ಬಲ್ಲವರು ಯಾರೂ ಉಳಿದಿಲ್ಲ, ಆದರೂ ಸಂಜೆಯಾಯಿತೆಂದರೆ ಬೀದಿಯ ಅಷ್ಟೂ ಗೇಟುಗಳು ಒಟ್ಟಿಗೆ ಮುಚ್ಚಿಕೊಳ್ಳುತ್ತವೆ. ಹದಿನಾಲ್ಕನೆಯ ಪುಟದ ಅಂಚಿನಲ್ಲಿ ‘ನಾಳೆ ಅರ್ಧ ಲೀಟರು ಜಾಸ್ತಿ’ ಎಂದಿದೆ. ಅದು ಹಾಲಿನವನಿಗೆ ಹೇಳಬೇಕಾದದ್ದನ್ನು ಮರೆಯದಿರಲೆಂದು ಗೀಚಿಕೊಂಡದ್ದು ಎಂದು ನನ್ನ ಗುಮಾನಿ. ಇಲ್ಲಿ ಮಾತ್ರ ಪ್ರತಿ ಪ್ರಾರ್ಥನೆಯ ಕೊನೆಗೆ ಎಲ್ಲರೂ ಕಣ್ಣು ಮುಚ್ಚಿ ಅದನ್ನೇ ಹೇಳುತ್ತಾರೆ. ನನಗೆ ನಗು ತಡೆಯುವುದಿಲ್ಲ. ದೊಡ್ಡವರಲ್ಲಿ ನಗುವವಳು ನಾನೊಬ್ಬಳೇ, ಯಾಕೆಂದು ಹೇಳುತ್ತೇನೆ.

ಹದಿನಾಲ್ಕನೆಯ ಪುಟದಲ್ಲಿ ನೀವು ಬರೆದಿರುವುದು ಇಷ್ಟು:

‘ಮಳೆ ನಿಂತ ಮೇಲೆ ಆಶ್ವಯುಜದಲ್ಲಿ ಮರೆಯದೆ ಕಳೆ ತೆಗೆಯಬೇಕು. ಚಿಕ್ಕದಿರುವಾಗಲೇ ತೆಗೆದರೆ ಸುಲಭ. ಬೆಳಗ್ಗೆ ಇಬ್ಬನಿ ಇರುವಾಗ ಸಲೀಸಾಗಿ ಬರುತ್ತೆ. ಕನಿಕರ ಮಾಡಬಾರದು. ಬಿಟ್ಟಷ್ಟೂ ಹುಲ್ಲಿನ ಸತ್ವ ಹೀರುತ್ತೆ. ಅರ್ಧಕ್ಕೆ ಮುರಿದರೆ ಎರಡಾಗಿ ಚಿಗುರುತ್ತೆ.’

ಅಮ್ಮ, ನಮಗೆ ಗೊತ್ತಿರುವ ಕಳೆ ಒಂದೇ. ಮುಖದ ಕಳೆ.

ಮಗುವಿಗೆ ಐದು ತುಂಬಿದ ವರ್ಷ, ಆಶ್ವಯುಜದಲ್ಲಿ ಹಿರಿಯರು ಗೊತ್ತುಮಾಡಿದ ಬೆಳಗ್ಗೆ, ಅದನ್ನು ಅಂಗಳಕ್ಕೆ ಕರೆತರುತ್ತೇವೆ. ‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ’ ಎನ್ನುತ್ತಾರೆ ಬೀದಿಯ ಹಿರಿಯರು. ಗಿಡವನ್ನೂ ಮರವನ್ನೂ ಅವರು ಕಂಡದ್ದು ಆ ಗಾದೆಯಲ್ಲಿ ಮಾತ್ರ. ಪುಸ್ತಕ ಓದುತ್ತಾರೆ. ಮಗುವನ್ನು ಬೋರಲಾಗಿ ಮಲಗಿಸಿ, ಕೆನ್ನೆ ಹಣೆ ಎಲ್ಲ ತಾಗುವಂತೆ ಮುಖವನ್ನು ಒದ್ದೆ ಹುಲ್ಲಿಗೆ ಒತ್ತಿ ಹಿಡಿಯುತ್ತಾರೆ. ಇಬ್ಬನಿ ಆರುವ ತನಕ. ಮುಖದ ಕಳೆಯನ್ನು ಹುಲ್ಲು ಎಳೆದುಕೊಳ್ಳುತ್ತದೆ. ಎದ್ದಾಗ ಮಗುವಿಗೆ ಗಾಯವಿಲ್ಲ, ಜ್ವರವಿಲ್ಲ, ಹಸಿವೂ ಆಗುತ್ತದೆ. ಮುಖ ಮಾತ್ರ ಒರೆಸಿದ ಸ್ಲೇಟು. ಆಮೇಲೆ ಅದು ನಗುವುದಿಲ್ಲ, ಅಳುವುದಿಲ್ಲ, ಹಟ ಮಾಡುವುದಿಲ್ಲ. ನಮ್ಮ ಬೀದಿಯ ನಾನೂರು ಜನರ ಮುಖ ಒಂದೇ. ಯಾರು ಯಾರೆಂದು ತಿಳಿಯಲು ಎದೆಯ ಮೇಲೆ ಹೆಸರು ಹೊಲಿದುಕೊಳ್ಳುತ್ತೇವೆ.

ತೆಗೆದದ್ದು ಎಲ್ಲಿ ಹೋಗುತ್ತದೆ ಎಂದರೆ, ಎಲ್ಲಿಗೂ ಹೋಗುವುದಿಲ್ಲ. ಮಧ್ಯಾಹ್ನ ಗಾಳಿ ಸ್ತಬ್ಧವಾಗಿರುವಾಗ ಅಂಗಳದಲ್ಲಿ ನಿಂತು ನೋಡಬೇಕು. ಇಡೀ ಹಾಸು ಅಲ್ಲಾಡದೆ ನಿಂತಿರುತ್ತದೆ, ಯಾವುದೋ ಒಂದು ಗೇಣಿನಷ್ಟು ಜಾಗದ ಹುಲ್ಲು ಮಾತ್ರ ಇದ್ದಕ್ಕಿದ್ದಂತೆ ಮಿರುಗಿ, ಕಚಗುಳಿಯಿಟ್ಟ ಹಾಗೆ ನಡುಗಿ ಸುಮ್ಮನಾಗುತ್ತದೆ. ನಲ್ಲಿಯ ಪಕ್ಕದಲ್ಲಿರುವುದು ನನ್ನ ಮಗಳು ಸಂಪಿಗೆಯದು. ಮೂವತ್ತು ವರ್ಷದಿಂದ ಆ ಜಾಗಕ್ಕೆ ನಾನೇ ನೀರು ಹಾಕುತ್ತಿದ್ದೇನೆ. ಪಕ್ಕದಲ್ಲಿ ಕುಳಿತು ಅದಕ್ಕೆ ತಮಾಷೆಯ ಕಥೆ ಹೇಳಿದ್ದೂ ಉಂಟು. ಅದು ನಕ್ಕಿದ್ದೂ ಉಂಟು, ಅದೇ ಹೊತ್ತಿಗೆ ಮಗಳು ಒಳಗೆ ಸಪ್ಪೆ ಮುಖದಲ್ಲಿ ಬಟ್ಟೆ ಮಡಿಸುತ್ತಿದ್ದಳು.

ಅವಳನ್ನು ಹುಲ್ಲಿಗೆ ಒತ್ತಿ ಹಿಡಿದ ಕೈ ನನ್ನದೇ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ಮುಚ್ಚಿಟ್ಟು ನಿಮ್ಮಿಂದ ಉಪಕಾರ ಕೇಳುವುದು ಸರಿಯಲ್ಲ. ನನ್ನನ್ನು ಬೀದಿಯಲ್ಲಿ ಮುರುಕಿ ಎಂದು ಕರೆಯುತ್ತಾರೆ. ಐದನೆಯ ವರ್ಷದ ಆ ಬೆಳಗ್ಗೆ ಇಬ್ಬನಿ ಆರುವ ಮೊದಲೇ ನಾನು ಕಿಟಾರನೆ ಕಿರುಚಿ ಎದ್ದುಬಿಟ್ಟೆ, ಅರ್ಧಕ್ಕೆ ಮುರಿಯಿತು. ಬಲಗೆನ್ನೆ ಸಪ್ಪೆ, ಎಡಗೆನ್ನೆ ಜೀವಂತ. ನೀವು ಹೇಳಿದಂತೆಯೇ ಉಳಿದರ್ಧ ಎರಡಾಗಿ ಚಿಗುರಿತು. ಇಬ್ಬರಿಗಾಗುವಷ್ಟು ಕೋಪ, ಇಬ್ಬರಿಗಾಗುವಷ್ಟು ನಗು, ಇಬ್ಬರಿಗಾಗುವಷ್ಟು ಬಾಯಿ. ಬಾಳೆಲ್ಲ ದೂರ ಇಟ್ಟರು. ನನ್ನ ಮಗಳಿಗೆ ಈ ಪಾಡು ಬೇಡ, ಅವಳು ನಾಲ್ಕು ಜನರಂತೆ ಇರಲಿ ಎಂದು ಆಸೆಪಟ್ಟೆ. ಆಸೆ ಕೈಗೂಡಿತು. ಅವಳು ನಾನೂರು ಜನರಂತೆ ಇದ್ದಾಳೆ.

ಈಗ ಅವಳ ಮಗಳು ಕೇದಗೆಗೆ ಐದು ತುಂಬಿದೆ. ದಿನ ನಾಳೆ.

ಕೇದಗೆ ನಕ್ಕರೆ ಮೊದಲು ಮೂಗು ಸೊಟ್ಟಗಾಗುತ್ತದೆ, ಆಮೇಲೆ ಉಳಿದದ್ದು. ಹನ್ನೆರಡು ದಿನದ ಹಿಂದೆ ಅವಳು ಗುಂಡಿಯ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು ನನ್ನನ್ನು ಕೂಗಿದಳು. ಹುಲ್ಲಲ್ಲದ ಏನೋ ಒಂದು ಅಲ್ಲಿ ಎದ್ದಿತ್ತು. ಬೆರಳುದ್ದದ ಕೆಂಪು ಕಾಂಡ, ಸಣ್ಣ ಮುಳ್ಳು, ಬಾಚಣಿಗೆಯ ಹಲ್ಲಿನಂತೆ ಎರಡು ಸಾಲು ಎಲೆ. ಅವಳು ಬೆರಳು ತಾಗಿಸಿದಳು. ಎಲೆಗಳು ಒಂದಕ್ಕೊಂದು ಅಂಟಿಕೊಂಡು ಮುಚ್ಚಿದವು. ನಾನು ಹಿಂದಕ್ಕೆ ಹಾರಿದೆ. ಅವಳ ಮೂಗು ಸೊಟ್ಟಗಾಯಿತು.

“ಅಜ್ಜಿ, ಇದಕ್ಕೆ ನಾಚ್ಕೆ ಕಣೇ.”

ನಾನು ಪುಸ್ತಕದ ಕಪಾಟಿಗೆ ಓಡಿದೆ. ಹದಿನಾಲ್ಕನೆಯ ಪುಟದಲ್ಲಿ ‘ಕಳೆ’ ಎಂಬ ಮಾತಿನ ಮೇಲೆ ನೀವು ಪುಟ್ಟದೊಂದು ಚಿತ್ರ ಬರೆದಿದ್ದೀರಿ. ಅದು ಮುಚ್ಚಿದ ಕಣ್ಣಿನ ರೆಪ್ಪೆ ಎಂದು ತಲೆಮಾರುಗಳಿಂದ ನಂಬಿದ್ದೇವೆ, ಆ ದಿನ ಮಕ್ಕಳ ಹಣೆಗೆ ಅದನ್ನೇ ಬರೆಯುತ್ತೇವೆ. ಅಮ್ಮ, ಅದು ರೆಪ್ಪೆಯಲ್ಲ. ಬಾಚಣಿಗೆಯ ಹಲ್ಲಿನಂಥ ಎರಡು ಸಾಲು ಎಲೆ. ನೀವು ತೆಗೆಯಿರಿ ಎಂದದ್ದು ಅದನ್ನು. ಹುಲ್ಲಿನ ನಡುವೆ ಬೇಡದೆ ಬೆಳೆಯುವ ಒಂದು ಸಣ್ಣ ಗಿಡವನ್ನು. ಇನ್ನೂರ ಹದಿಮೂರು ವರ್ಷ ನಾವು ಮಾಡಿದ್ದು ಏನು ಎಂದು ಹೊಳೆದಾಗ ನಾನು ಪುಸ್ತಕವನ್ನು ತೆರೆದಂತೆಯೇ ಬಿಟ್ಟು ಬೀದಿಗೆ ಓಡಿದೆ.

ಹಿರಿಯರನ್ನು ಕರೆತಂದೆ. ಅವರು ಗಿಡವನ್ನು ನೋಡಿ ಹೌಹಾರಲಿಲ್ಲ, ಹೌಹಾರಲು ಅವರಿಗೆ ಮುಖವಿಲ್ಲ. ಅಂಗಳ ಕೆಟ್ಟೀತೆಂದು ಮಾರನೆಯ ಬೆಳಗ್ಗೆ ಇಬ್ಬನಿ ಇರುವಾಗಲೇ ಬಂದು ಬೇರು ಸಮೇತ ಕಿತ್ತು ಸುಟ್ಟರು. ನಿಮ್ಮ ಮಾತನ್ನು ಈ ಬೀದಿ ಸರಿಯಾಗಿ ಪಾಲಿಸಿದ್ದು ಅದೊಂದೇ ಸಲ. ಆಮೇಲೆ ನನ್ನತ್ತ ತಿರುಗಿ, ಪುಸ್ತಕದಲ್ಲಿ ಕಳೆಯ ಪಕ್ಕ ಗಿಡ ಎಂಬ ಮಾತು ಎಲ್ಲಿದೆ ತೋರಿಸು ಎಂದರು. ಇಲ್ಲ. ಪುಸ್ತಕದಮ್ಮ ಬರೆದಿದ್ದರೆ ಒಪ್ಪುತ್ತಿದ್ದೆವು, ಮುರುಕಿ ಹೇಳಿದರೆ ಒಪ್ಪಲಾಗದು ಎಂದರು. ನಾನೇ ಬರೆದುಬಿಡೋಣವೆಂದರೆ ನಿಮ್ಮ ನೀಲಿ ಶಾಯಿ ನಮ್ಮಲ್ಲಿ ಹುಟ್ಟುವುದಿಲ್ಲ. ಮಗಳ ಕಾಲು ಹಿಡಿದೆ. ಅವಳು ನನ್ನನ್ನು ಎಬ್ಬಿಸಿ ಕೂರಿಸಿ, ನೀರು ಕೊಟ್ಟು, ಮೆಲ್ಲಗೆ ಹೇಳಿದಳು.

“ನಂಗೇನೂ ನೋವಾಗ್ಲಿಲ್ವಲ್ಲಮ್ಮ.”

ನೀರು ಕುಡಿದು, ನಾನು ಈ ಕಾಗದ ಹಿಡಿದು ಕೂತೆ.

ಪತ್ರ ನಿಮಗೆ ಹೇಗೆ ತಲುಪೀತು ಎನ್ನುವಿರಿ. ನೀವು ತೋಡಿಸಿದ ಎಲೆಗೊಬ್ಬರದ ಗುಂಡಿ ಇನ್ನೂ ಇದೆ, ಅದೇ ಮೂಲೆಯಲ್ಲಿ. ಅದಕ್ಕೆ ಹಾಕಿದ ಬಟ್ಟೆಯ ಎಲೆಗಳು ಮಾರನೆಯ ದಿನ ಇರುವುದಿಲ್ಲ. ಕೊಳೆಯುವುದೂ ಇಲ್ಲ, ಇರುವುದಿಲ್ಲ ಅಷ್ಟೆ. ನಾನು ಚಿಕ್ಕವಳಿದ್ದಾಗ ಒಮ್ಮೆ ಅದರ ತಳದಲ್ಲಿ ಕಂದು ಬಣ್ಣದ ನಿಜವಾದ ಎಲೆಯೊಂದು ಸಿಕ್ಕಿತ್ತು, ಮುಟ್ಟಿದರೆ ಪುಡಿಯಾಯಿತು. ಆ ಮುಳ್ಳಿನ ಗಿಡ ಎದ್ದದ್ದೂ ಅದರ ಅಂಚಿನಲ್ಲೇ. ನಿಮ್ಮ ಪುಸ್ತಕದ ಇಪ್ಪತ್ತೆರಡನೆಯ ಪುಟದಲ್ಲಿ ಹೀಗಿದೆ: ‘ಗೊಬ್ಬರದ ಗುಂಡಿಯಲ್ಲಿ ಯಾರೋ ಎಲೆಯಂತೆ ಕತ್ತರಿಸಿದ ಬಟ್ಟೆ ಚೂರು ಹಾಕುತ್ತಿದ್ದಾರೆ. ಎದುರುಮನೆಯ ಮಕ್ಕಳದೇ ಕೆಲಸ.’ ಎದುರುಮನೆಯವರನ್ನು ಬಯ್ಯಬೇಡಿ. ಅದು ನಾವು.

ಆದ್ದರಿಂದ ಎಲೆಗಳ ನಡುವೆ ಈ ಪತ್ರ ಸಿಕ್ಕಿದರೆ, ಕೈ ಒರೆಸಿಕೊಂಡು ಒಳಗೆ ಹೋಗಿ. ಹದಿನಾಲ್ಕನೆಯ ಪುಟ ತೆಗೆಯಿರಿ. ‘ಕಳೆ’ ಎಂಬುದು ಮೊದಲ ಸಾಲಿನ ಕೊನೆಯ ಮಾತು. ಅದರ ಪಕ್ಕದಲ್ಲಿ ಎರಡು ಬೆರಳು ಜಾಗ ಖಾಲಿ ಇದೆ. ಅಲ್ಲಿ ‘ಗಿಡ’ ಎಂದು ಬರೆಯಿರಿ. ಎರಡೇ ಅಕ್ಷರ. ನಾಳೆ ಬೆಳಗ್ಗೆ ಪುಸ್ತಕ ಓದುವವಳು ನನ್ನ ಮಗಳು. ಕಳೆಯಿಲ್ಲದವರಿಗೆ ಸುಳ್ಳು ಬಾರದು, ಊಹೆಯೂ ಬಾರದು. ಇಲ್ಲದ್ದನ್ನು ಅವಳು ಸೇರಿಸಲಾರಳು, ಇದ್ದದ್ದನ್ನು ಬಿಡಲಾರಳು. ಮಾತು ಅಲ್ಲಿದ್ದರೆ ಓದುತ್ತಾಳೆ, ಓದಿದ ಮೇಲೆ ಮಗುವನ್ನು ಹುಲ್ಲಿಗೆ ಒತ್ತುವುದಿಲ್ಲ.

ಇಷ್ಟು ಬರೆದು, ಮಡಿಸುವ ಮೊದಲು ಒಮ್ಮೆ ಎದ್ದು ಹೋಗಿ ಪುಟ ನೋಡಿ ಬಂದೆ. ಜಾಗ ಖಾಲಿಯೇ ಇದೆ. ಪತ್ರ ಇನ್ನೂ ಗುಂಡಿಗೆ ಬಿದ್ದಿಲ್ಲವಲ್ಲ, ನೀವಾದರೂ ಹೇಗೆ ಬರೆದೀರಿ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಕೇದಗೆ ಅಂಗಳದಲ್ಲಿ ಒಬ್ಬಳೇ ಏನಕ್ಕೋ ನಗುತ್ತಿದ್ದಾಳೆ. ಅವಳ ಕಾಲ ಕೆಳಗೆ, ಗಾಳಿಯಿಲ್ಲದಿದ್ದರೂ, ಹುಲ್ಲು ಅವಳತ್ತ ಬಾಗಿದೆ.

ಒಂದು ಮಾತು ಉಳಿಯಿತು. ನಾನು ಐದನೆಯ ವರ್ಷದಲ್ಲಿ ಕಿರುಚಿ ಎದ್ದದ್ದು ತಾನಾಗಿಯೇ ಅಲ್ಲ. ತೊಡೆಯ ಮೇಲೆ ಉಗುರಿನ ಗಾಯ ವಾರಗಟ್ಟಲೆ ಇತ್ತು. ಆ ಬೆಳಗ್ಗೆ ನನ್ನ ಪಕ್ಕದಲ್ಲಿ ಕೂತಿದ್ದವಳು ನನ್ನಜ್ಜಿ. ಅವಳು ಸಾಯುವವರೆಗೆ ನಾನು ಅದನ್ನು ಕೇಳಲಿಲ್ಲ, ಅವಳು ಹೇಳಲಿಲ್ಲ.

ನಾಳೆ ಕೇದಗೆಯ ಪಕ್ಕ ಕೂರುವವಳು ನಾನು. ಹನ್ನೆರಡು ದಿನದಿಂದ ಉಗುರು ಕತ್ತರಿಸಿಲ್ಲ. ಆದರೆ ನನ್ನ ಕೈಯಿಂದ ಉಳಿಯುವುದು ಅರ್ಧ ಮುಖ ಮಾತ್ರ, ಇಡೀ ಮುಖ ಉಳಿಯುವುದು ನಿಮ್ಮ ಕೈಯಲ್ಲಿದೆ. ಪೆನ್ನು ಹುಡುಕಿ, ಅಮ್ಮ.

ನಾಳೆ ಅರ್ಧ ಲೀಟರು ಜಾಸ್ತಿ.

ನಿಮ್ಮ ಅಂಗಳದವಳು,
ಸುರಗಿ