ಗ್ರೂಪಿನಲ್ಲಿ ಕೇಳಿ ಕೊಡಿ

ಜೂನ್ 3, ಮಂಗಳವಾರ

ಮಧ್ಯಾಹ್ನದ ಆನ್‌ಲೈನ್ ಕ್ಲಾಸ್ ಮುಗಿಯಿತು. ವಿಷಯ — ಕೀಟನಾಶಕದ ವಿಷ. ಕೋಲಾರದ ಆಸ್ಪತ್ರೆ ರೂಮಿನಲ್ಲಿ ಕೂತು ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಹೊಸ ಡಾಕ್ಟರುಗಳಿಗೆ ಪಾಠ. ಅರ್ಧ ಜನರ ಕ್ಯಾಮೆರಾ ಆಫ್. ಉಣ್ಣುತ್ತಿದ್ದರೋ, ಮಲಗಿದ್ದರೋ, ಆ ಮುನೇಶ್ವರನಿಗೇ ಗೊತ್ತು. ರಾಯಲ್ಪಾಡು ಆಸ್ಪತ್ರೆಯ ರಮ್ಯ ಮಾತ್ರ ಕಣ್ಣರಳಿಸಿ ಕೂತಿರುತ್ತಾಳೆ. ಪ್ರಶ್ನೆಗೆಲ್ಲ ಅವಳದೇ ಮೊದಲ ಉತ್ತರ. ಚುರುಕು ಹುಡುಗಿ.

ಕೊನೆಗೆ ಗದರಿದೆ. ಹೋದ ವಾರ ಮಾಲೂರಿನಲ್ಲಿ ಉಮೇಶ್ ತನಗೆ ತೋಚಿದ ಇಂಜೆಕ್ಷನ್ ಕೊಟ್ಟು, ರೋಗಿಯ ಕಡೆಯವರು ಜಗಳಕ್ಕೆ ಬಂದಿದ್ದರು.

"ಇನ್ಮೇಲೆ ವಾಟ್ಸಾಪ್ ಗ್ರೂಪಲ್ಲಿ ಕೇಳಿ ಕೊಡಿ. ನಾನು ಓಕೆ ಅನ್ನೋವರ್ಗೂ ಯಾವ ಡೋಸೂ ಬೇಡ."

ಎಲ್ಲರೂ ಗ್ರೂಪಿನಲ್ಲಿ ಒಪ್ಪಿಗೆಯ ಹೆಬ್ಬೆರಳ ಚಿತ್ರ ಒತ್ತಿದರು.

ಜೂನ್ 9, ಸೋಮವಾರ

ರಮ್ಯಳ ವಿಡಿಯೊ ಕಾಲ್. ಟೊಮೆಟೊಗೆ ಔಷಧಿ ಹೊಡೆಯುತ್ತಿದ್ದ ಕದಿರಪ್ಪ ಎಂಬಾತ ತೋಟದಲ್ಲೇ ಬಿದ್ದನಂತೆ, ಅವಳ ಆಸ್ಪತ್ರೆಗೆ ಹೊತ್ತು ತಂದಿದ್ದಾರೆ. ಬಾಯಲ್ಲಿ ನೊರೆ, ಮೈಯೆಲ್ಲ ಬೆವರು. ಆಂಬುಲೆನ್ಸ್ ಇನ್ನೂ ಶ್ರೀನಿವಾಸಪುರ ಬಿಟ್ಟಿಲ್ಲ. ವಿಷ ಇಳಿಸುವ ಇಂಜೆಕ್ಷನ್, ಅಟ್ರೊಪಿನ್ ಕೊಡು ಎಂದೆ. ಕೊಟ್ಟಳು. ಎದೆಯ ಗೊರಗೊರ ನಿಲ್ಲಲಿಲ್ಲ. ಅವನ ಹೆಂಡತಿ ರಮ್ಯಳ ತೋಳು ಹಿಡಿದು — "ಏದೈನಾ ಚೇಯಂಡಮ್ಮಾ... ಏನಾದ್ರೂ ಮಾಡ್ರಮ್ಮಾ."

"ಡೋಸ್ ಡಬಲ್ ಮಾಡ್ಲಾ ಮೇಡಂ?"

"ಮಾಡು" ಎನ್ನುವಷ್ಟರಲ್ಲಿ ಚಿತ್ರ ನಿಂತುಹೋಯಿತು. ಸಿರಿಂಜ್ ತುಂಬಿಕೊಂಡು ನನ್ನನ್ನೇ ನೋಡುತ್ತಿರುವ ಹುಡುಗಿ, ಸ್ಕ್ರೀನ್ ಮೇಲೆ ಹಾಗೇ. ಫೋನ್ ಹಚ್ಚಿದೆ, ಸಿಗಲಿಲ್ಲ. "ಕೊಡು ಕೊಡು" ಎಂದು ಟೈಪ್ ಮಾಡಿದೆ. ಒಂದೇ ಟಿಕ್. ರೂಮಿನಲ್ಲಿ ಒಬ್ಬಳೇ ಕಿರುಚಿದೆ — ಕೊಡೇ! ನರ್ಸ್ ಓಡಿ ಬಂದಳು.

ಜೂನ್ 10

ಕದಿರಪ್ಪ ಹೋಗಿಬಿಟ್ಟ. ಆಂಬುಲೆನ್ಸ್ ಬರುವ ಮೊದಲೇ.

"ಡೋಸ್ ಗೊತ್ತಿತ್ತು ಮೇಡಂ," ಎಂದಳು ರಮ್ಯ ಫೋನಿನಲ್ಲಿ. "ಕೈಯಲ್ಲೇ ಇತ್ತು. ನೀವು ಓಕೆ ಅಂದಿರ್ಲಿಲ್ಲ... ಕಾಯ್ತಾ ಇದ್ದೆ."

"ಕೊಟ್ಟಿದ್ರೂ ಉಳೀತಿದ್ನೋ ಇಲ್ವೋ" ಎಂದೆ. ಸುಳ್ಳಲ್ಲ. ಆದರೂ ಅವಳಿಗೆ ಸಮಾಧಾನವಾಗಲಿಲ್ಲ, ನನಗೂ ಇಲ್ಲ. ಇನ್ನು ಯಾರೂ ನನ್ನ ಮಾತಿಗೆ ಕಾಯಬೇಡಿ ಎಂದು ಗ್ರೂಪಿಗೆ ಬರೆದೆ. ಅದಕ್ಕೂ ಹೆಬ್ಬೆರಳುಗಳು ಬಂದವು. ರಮ್ಯಳದು ಬರಲಿಲ್ಲ.

ಜೂನ್ 26, ಗುರುವಾರ

ಬೆಳಗಿನಿಂದ ರಮ್ಯಳ ಕಾಲ್ ಮೇಲೆ ಕಾಲ್. ಗಾಯಕ್ಕೆ ಡ್ರೆಸ್ಸಿಂಗ್ ಮಾಡಲಾ? ಭೇದಿಗೆ ಓಆರ್‌ಎಸ್ ಕೊಡಲಾ? ಈಗ ಒಂದು ಮಗುವಿಗೆ ಜ್ವರ.

"ಪ್ಯಾರಾಸಿಟಮಾಲ್ ಸಿರಪ್ ಕೊಡ್ಲಾ ಮೇಡಂ?"

"ನೀನೇ ನೋಡಿ ಕೊಡಮ್ಮ. ನಿಂಗೆ ಗೊತ್ತು."

ಮಗು ಅಳುವುದು ಕೇಳುತ್ತಿತ್ತು. ಬೇಕೆಂದೇ ಸುಮ್ಮನಿದ್ದೆ. ಈ ಒಂದು ಸಲ ಅವಳೇ ಕೊಟ್ಟುಬಿಡಲಿ ಎಂದು. ಮಗು ಅಳುತ್ತಲೇ ಇತ್ತು.

"ಓಕೆ ಅನ್ನಿ ಮೇಡಂ... ದಮ್ಮಯ್ಯ."

ಅಂದುಬಿಟ್ಟೆ. ಇನ್ನೇನು ಮಾಡಲಿ? ಫೋನ್ ಇಟ್ಟು ಇದನ್ನು ಬರೆಯುತ್ತಿರುವಾಗಲೇ ಮತ್ತೆ ಅವಳ—